ಎಕ್ಸ್-ಮೆನ್‌ನ ಅತ್ಯುತ್ತಮ ಕಾಲ ಯಾವುದು? ಹಳೆ ಓದುಗರ ಜಗಳವನ್ನು ಹೊಸಬರು ಅರ್ಥ ಮಾಡಿಕೊಳ್ಳುವ ಬಗೆ

2024ರಲ್ಲಿ, ಅಮೆರಿಕನ್ ಕಾಮಿಕ್ಸ್‌ನ ಎಕ್ಸ್-ಮೆನ್ ಎಂಬ ವೀರರ ತಂಡದ ಮೇಲೆ, ‘ಎಕ್ಸ್-ಮೆನ್ ’97’ ಅನ್ನೋ ಕಾರ್ಟೂನ್ ಸರಣಿ ಬಂತು. ಅದರ ಐದನೇ ಕಂತಿನಲ್ಲಿ ಜೆನೋಶಾ ಎಂಬ ದ್ವೀಪದಲ್ಲಿ ಸಂಭ್ರಮ ನಡೆಯುತ್ತಿರುತ್ತದೆ. ಇದ್ದಕ್ಕಿದ್ದಂತೆ ಮೂರು ತಲೆಯ ದೈತ್ಯ ಯಂತ್ರವೊಂದು ಊರಿನ ಮೇಲೆ ಎರಗುತ್ತದೆ. ಕಂತು ಮುಗಿಯುವ ಹೊತ್ತಿಗೆ ತಂಡದವನೇ ಆದ ಗ್ಯಾಂಬಿಟ್ ಸತ್ತಿರುತ್ತಾನೆ. ಕಾರ್ಟೂನ್ ತಾನೇ ಅಂದುಕೊಂಡು ಕೂತವರಿಗೆ ಅದು ದೊಡ್ಡ ಪೆಟ್ಟು. ಅದೇ ವರ್ಷ ‘ಡೆಡ್‌ಪೂಲ್ ಅಂಡ್ ವುಲ್ವರಿನ್’ ಸಿನಿಮಾ ಬಂತು. ಅದರಲ್ಲಿ ವುಲ್ವರಿನ್ ಕಾಮಿಕ್ಸ್‌ನ ಹಳದಿ ಬಟ್ಟೆ ತೊಟ್ಟ. ಇದೆಲ್ಲ ಎಲ್ಲಿಂದ ಬಂತು ಅಂತ ಕಾಮಿಕ್ಸ್ ಕಡೆ ತಿರುಗಿದವರು ಬಹಳ ಜನ.

ಆದರೆ ಅಲ್ಲಿಗೆ ಕಾಲಿಟ್ಟ ಕೂಡಲೇ ಒಂದು ಹಳೆಯ ಜಗಳ ಎದುರಾಗುತ್ತದೆ. ಒಬ್ಬರು 1980ರ ಕಥೆಗಳೇ ಶ್ರೇಷ್ಠ ಅನ್ನುತ್ತಾರೆ. ಇನ್ನೊಬ್ಬರು 2001 ಅನ್ನುತ್ತಾರೆ. ಮತ್ತೊಬ್ಬರು ‘ಕ್ರಕೋವಾ ಓದದೆ ಮಾತಾಡಬೇಡಿ’ ಅನ್ನುತ್ತಾರೆ, ಅಂದರೆ 2019ರಲ್ಲಿ ಶುರುವಾದ ಕಥೆಗಳು. ಕಾರ್ಟೂನ್ ಸರಣಿಯನ್ನೇ ಬಿಚ್ಚಿ ನೋಡಿದರೆ ಗೊಂದಲ ಇನ್ನೂ ಜಾಸ್ತಿಯಾಗುತ್ತದೆ. ಪಾತ್ರಗಳ ಬಟ್ಟೆ ಹೆಚ್ಚಾಗಿ 1991ರದ್ದು. ಶಕ್ತಿ ಕಳೆದುಕೊಂಡ ಸ್ಟಾರ್ಮ್‌ಳ ಕಥೆ 1984ರದ್ದು. ಮ್ಯಾಗ್ನೀಟೊನ ವಿಚಾರಣೆ 1985ರದ್ದು. ಜೆನೋಶಾದ ನಾಶ 2001ರದ್ದು. ಬೇರೆ ಬೇರೆ ಕಾಲದ ಕಥೆಗಳನ್ನು ತಂದು ಒಟ್ಟಿಗೆ ಹೊಲಿದಿದ್ದಾರೆ. ಹಾಗಾಗಿ ಆ ಕಾಲಗಳು ಯಾವುವು, ಯಾಕೆ ಬೇರೆ ಬೇರೆ ಅನ್ನೋದು ಗೊತ್ತಿದ್ದರೆ ನೋಡುವುದಕ್ಕೂ ಓದುವುದಕ್ಕೂ ಅನುಕೂಲ.

## ಮೊದಲು ಬುಡದಿಂದ

ಎಕ್ಸ್-ಮೆನ್ ಎಂಬುದು ಅಮೆರಿಕದ ಮಾರ್ವೆಲ್ ಕಂಪನಿ 1963ರಲ್ಲಿ ಶುರು ಮಾಡಿದ ಕಾಮಿಕ್ ಪತ್ರಿಕೆ. ಸ್ಟಾನ್ ಲೀ ಬರೆದರು, ಜ್ಯಾಕ್ ಕರ್ಬಿ ಚಿತ್ರ ಬಿಡಿಸಿದರು. ಇದರ ನಾಯಕರನ್ನು ಮ್ಯೂಟೆಂಟ್‌ಗಳು ಅನ್ನುತ್ತಾರೆ. ಅಂದರೆ ಹುಟ್ಟಿನಿಂದಲೇ ಬೇರೆಯವರು. ಹೆಚ್ಚಿನವರಿಗೆ ಹದಿಹರೆಯದಲ್ಲಿ ಶಕ್ತಿ ಹೊರಗೆ ಬರುತ್ತದೆ. ಜೇಡ ಕಚ್ಚಬೇಕಿಲ್ಲ, ಪ್ರಯೋಗಾಲಯದಲ್ಲಿ ಅಪಘಾತ ಆಗಬೇಕಿಲ್ಲ. ಪ್ರತಿಯೊಬ್ಬರಿಗೂ ಶಕ್ತಿ ಬಂದ ಕಾರಣ ಹುಡುಕುವ ಕಷ್ಟ ತಪ್ಪಲಿ ಅಂತ ಹೀಗೆ ಮಾಡಿದೆ ಎಂದು ಲೀ ಅವರೇ ಹೇಳಿಕೊಂಡಿದ್ದರು. ಆ ಸುಲಭದ ದಾರಿಯೇ ಮುಂದೆ ಈ ಕಥೆಗಳ ಜೀವಾಳವಾಯಿತು. ಹುಟ್ಟಿನ ಕಾರಣಕ್ಕೆ ಜನ ದ್ವೇಷಿಸಿದರೆ ಏನು ಮಾಡುತ್ತೀರಿ? ಇಡೀ ಸರಣಿ ನಿಂತಿರುವುದು ಈ ಪ್ರಶ್ನೆಯ ಮೇಲೆ.

ಉತ್ತರ ಹೇಳುವವರು ಇಬ್ಬರು. ಪ್ರೊಫೆಸರ್ ಎಕ್ಸ್ ಒಂದು ಶಾಲೆ ನಡೆಸುತ್ತಾನೆ. ಮನುಷ್ಯರ ಜೊತೆ ಬಾಳಬಹುದು ಅನ್ನೋದು ಅವನ ನಂಬಿಕೆ. ಲೋಹವನ್ನು ಆಡಿಸಬಲ್ಲ ಮ್ಯಾಗ್ನೀಟೊಗೆ ಆ ನಂಬಿಕೆ ಇಲ್ಲ. ಈ ಮ್ಯಾಗ್ನೀಟೊನನ್ನು ಮರೆಯಬೇಡಿ. ಕಾಲಗಳ ವ್ಯತ್ಯಾಸ ತಿಳಿಯಲು ಅವನೊಬ್ಬನನ್ನೇ ಹಿಂಬಾಲಿಸಿದರೆ ಸಾಕು ಅನ್ನೋದು ನನ್ನ ಅನಿಸಿಕೆ.

## ‘ರನ್’, ‘ಕಾಲ’, ‘ಕಂಟಿನ್ಯುಟಿ’

ಕಾದಂಬರಿಯ ಪಾತ್ರ ಬರೆದವರದ್ದು. ಮಾರ್ವೆಲ್‌ನಂಥ ಕಡೆ ಪಾತ್ರ ಕಂಪನಿಯದ್ದು. ಬರಹಗಾರರು, ಚಿತ್ರಕಾರರು ಬರುತ್ತಾರೆ, ಹೋಗುತ್ತಾರೆ. ಒಬ್ಬ ಬರಹಗಾರ ಸತತವಾಗಿ ಬರೆದ ಸಂಚಿಕೆಗಳ ಸಾಲಿಗೆ ಅಭಿಮಾನಿಗಳು ರನ್ ಅನ್ನುತ್ತಾರೆ. ಕಾಲ ಅಥವಾ ಎರಾ ಅನ್ನೋದು ಅದಕ್ಕಿಂತ ದೊಡ್ಡದು. ಹಲವು ಪತ್ರಿಕೆಗಳು, ಹಲವು ಬರಹಗಾರರು ಒಂದೇ ಗುಂಗಿನಲ್ಲಿ ಬರೆದ ಕೆಲವು ವರ್ಷ.

ಯಕ್ಷಗಾನ ನೋಡುವವರಿಗೆ ಇದು ಕೂಡಲೇ ಹೊಳೆಯುತ್ತದೆ. ಕರ್ಣ ಒಬ್ಬನೇ, ಪ್ರಸಂಗವೂ ಒಂದೇ. ಭಾಗವತರು ಬದಲಾದರೆ, ವೇಷ ಕಟ್ಟುವವರು ಬದಲಾದರೆ ಕರ್ಣನೇ ಬೇರೆಯಾಗಿ ಕಾಣುತ್ತಾನೆ. ಯಾರ ಕಾಲದ ಕರ್ಣ ದೊಡ್ಡವನು ಅಂತ ಆಟ ಮುಗಿದ ಮೇಲೂ ವಾದ ನಡೆಯುತ್ತದೆ. ಆದರೆ ಒಂದು ವ್ಯತ್ಯಾಸ ಇದೆ. ಯಕ್ಷಗಾನದಲ್ಲಿ ಇವತ್ತು ಸತ್ತ ಕರ್ಣ ನಾಳೆ ರಾತ್ರಿ ಮತ್ತೆ ರಂಗಕ್ಕೆ ಬರುತ್ತಾನೆ, ಮೊದಲಿಂದ. ಕಾಮಿಕ್ಸ್‌ನಲ್ಲಿ ಹಾಗಿಲ್ಲ. ಹಿಂದಿನವರು ಬಿಟ್ಟ ಕಡೆಯಿಂದಲೇ ಹೊಸಬರು ಎತ್ತಿಕೊಳ್ಳಬೇಕು. 1963ರಿಂದ ಆದದ್ದೆಲ್ಲ ಒಂದೇ ಕಥೆ ಅನ್ನೋ ಈ ಕಟ್ಟುಪಾಡಿಗೇ ಕಂಟಿನ್ಯುಟಿ ಅನ್ನುತ್ತಾರೆ. ಜಗಳದ ಬೇರು ಇಲ್ಲಿದೆ. ನಿಮಗೆ ಇಷ್ಟವಿಲ್ಲದ ಕಾಲವೂ ನಿಮಗೆ ಇಷ್ಟವಾದ ಪಾತ್ರದ ಬದುಕಿನ ಭಾಗ ಆಗಿಬಿಡುತ್ತದೆ.

(ಇಲ್ಲಿ ಕೊಟ್ಟಿರುವ ಇಸವಿಗಳು ಮುಖಪುಟದ ಮೇಲೆ ಅಚ್ಚಾದವು. ಹಳೆ ಅಮೆರಿಕನ್ ಕಾಮಿಕ್ಸ್ ಮುಖಪುಟದ ತಿಂಗಳಿಗಿಂತ ಸ್ವಲ್ಪ ಮುಂಚೆಯೇ ಅಂಗಡಿಗೆ ಬರುತ್ತಿದ್ದವು.)

## ನಿಂತೇ ಹೋಗಿದ್ದ ಪತ್ರಿಕೆ

ಮೊದಲ ಏಳು ವರ್ಷವನ್ನು ಅತ್ಯುತ್ತಮ ಅನ್ನುವವರು ಕಡಿಮೆ. ಐವರು ಹದಿಹರೆಯದವರು, ಒಂದು ಶಾಲೆ, ವಾರಕ್ಕೊಬ್ಬ ಖಳ ಅನ್ನುವಂಥ ಕಥೆಗಳು. ಮ್ಯಾಗ್ನೀಟೊ ಮೊದಲ ಸಂಚಿಕೆಯಲ್ಲೇ ಇದ್ದಾನೆ. ಆದರೆ ಅವನು ಲೋಕವನ್ನು ಗೆಲ್ಲಬೇಕೆಂದು ಅಬ್ಬರಿಸುವ ಖಳ, ಅಷ್ಟೇ. ತನ್ನ ತಂಡವನ್ನು ತಾನೇ ‘ದುಷ್ಟ ಮ್ಯೂಟೆಂಟ್‌ಗಳ ಬಳಗ’ ಎಂದು ಕರೆದುಕೊಳ್ಳುತ್ತಾನೆ. 1969ರ ಹೊತ್ತಿಗೆ ರಾಯ್ ಥಾಮಸ್ ಬರೆದು ನೀಲ್ ಆಡಮ್ಸ್ ಬಿಡಿಸಿದ ಕೆಲವು ಸಂಚಿಕೆಗಳು ಇವತ್ತಿಗೂ ಕಣ್ಣಿಗೆ ಹಬ್ಬ. ಆದರೂ 1970ರಲ್ಲಿ, 66ನೇ ಸಂಚಿಕೆಗೆ, ಹೊಸ ಕಥೆಗಳು ನಿಂತವು. ಮುಂದಿನ ಐದು ವರ್ಷ ಹಳೆ ಕಥೆಗಳನ್ನೇ ಮರುಮುದ್ರಿಸುತ್ತಿದ್ದರು.

1975ರಲ್ಲಿ ಬಂದ ಒಂದು ದಪ್ಪ ವಿಶೇಷ ಸಂಚಿಕೆ ಎಲ್ಲವನ್ನೂ ತಿರುಗಿಸಿತು. ಬರೆದವರು ಲೆನ್ ವೀನ್, ಬಿಡಿಸಿದವರು ಡೇವ್ ಕಾಕ್ರಮ್. ಕ್ರಕೋವಾ ಅನ್ನೋ ಜೀವಂತ ದ್ವೀಪ ಹಳೆ ತಂಡವನ್ನು ಹಿಡಿದಿಟ್ಟುಕೊಳ್ಳುತ್ತದೆ. ಅವರನ್ನು ಪಾರು ಮಾಡಲು ಪ್ರೊಫೆಸರ್ ಲೋಕದ ನಾನಾ ಕಡೆಯಿಂದ ಹೊಸಬರನ್ನು ಕರೆತರುತ್ತಾನೆ. ಕೀನ್ಯಾದಿಂದ ಸ್ಟಾರ್ಮ್, ಜರ್ಮನಿಯಿಂದ ನೈಟ್‌ಕ್ರಾಲರ್, ಸೋವಿಯತ್ ನಾಡಿನಿಂದ ಕೊಲಾಸಸ್. ಹಿಂದಿನ ವರ್ಷ ಹಲ್ಕ್ ಪತ್ರಿಕೆಯಲ್ಲಿ ಮುಖ ತೋರಿಸಿದ್ದ ಕೆನಡಾದ ವುಲ್ವರಿನ್ ಕೂಡ.

## ಒಬ್ಬನೇ ಬರಹಗಾರ, 1975ರಿಂದ 1991ರವರೆಗೆ

94ನೇ ಸಂಚಿಕೆಯಿಂದ ಬರೆಯುವ ಕೆಲಸ ಕ್ರಿಸ್ ಕ್ಲೇರ್ಮಾಂಟ್ ಎಂಬ 24 ವರ್ಷದ ಯುವಕನಿಗೆ ಬಂತು. ಆಗ ಪತ್ರಿಕೆ ಎರಡು ತಿಂಗಳಿಗೊಮ್ಮೆ ಬರುತ್ತಿತ್ತು. ದೊಡ್ಡ ನಿರೀಕ್ಷೆ ಯಾರಿಗೂ ಇರಲಿಲ್ಲ. ಕ್ಲೇರ್ಮಾಂಟ್ 1991ರವರೆಗೆ ಬಿಡದೆ ಬರೆದರು. ಕೆಲವೇ ವರ್ಷಕ್ಕೆ ಬರಹಗಾರರು ಬದಲಾಗುವ ಈ ಲೋಕದಲ್ಲಿ ಒಬ್ಬರೇ ಇಷ್ಟು ಕಾಲ ನಿಂತದ್ದು ತೀರಾ ಅಪರೂಪ. ಇವತ್ತು ಎಕ್ಸ್-ಮೆನ್ ಅಂದರೆ ನಮಗೆ ನೆನಪಾಗುವ ಹೆಚ್ಚಿನದೆಲ್ಲ ಈ ವರ್ಷಗಳದ್ದೇ.

ಇದರೊಳಗೂ ಒಳಜಗಳ ಇದೆ. ಹೆಚ್ಚು ಜನ ಬೆರಳು ತೋರಿಸುವುದು 1977ರಿಂದ 1981ರವರೆಗೆ, ಜಾನ್ ಬರ್ನ್ ಪೆನ್ಸಿಲ್ ಹಿಡಿದು ಟೆರ್ರಿ ಆಸ್ಟಿನ್ ಶಾಯಿ ಹಾಕಿದ ಸಂಚಿಕೆಗಳ ಕಡೆ. ಯಾಕೆ ಅನ್ನೋದಕ್ಕೆ 132ನೇ ಸಂಚಿಕೆಯ ಕೊನೆಯ ಪುಟ ನೋಡಿ. ಹೆಲ್‌ಫೈರ್ ಕ್ಲಬ್ ಎಂಬ ಶ್ರೀಮಂತರ ಕೂಟದಲ್ಲಿ ತಂಡ ಪೂರಾ ಸೋತಿದೆ. ವುಲ್ವರಿನ್‌ನನ್ನು ನೆಲ ಒಡೆದು ಕೆಳಗೆ ಬೀಳಿಸಿದ್ದಾರೆ. ಅವನು ಸತ್ತ ಅಂತಲೇ ಶತ್ರುಗಳ ಲೆಕ್ಕ. ಕೊನೆಯ ಚಿತ್ರದಲ್ಲಿ ಅವನು ಕತ್ತಲ ಚರಂಡಿ ನೀರಿನಿಂದ ಮೇಲೆದ್ದಿದ್ದಾನೆ, ಹಲ್ಲು ಕಚ್ಚಿದ್ದಾನೆ, ಇನ್ನು ನನ್ನ ಸರದಿ ಅನ್ನುತ್ತಾನೆ. ಅಲ್ಲಿಗೆ ಸಂಚಿಕೆ ಮುಗಿಯಿತು. ಮುಂದೇನಾಯಿತು ಅಂತ ತಿಳಿಯಲು 1980ರ ಓದುಗ ಒಂದು ತಿಂಗಳು ಕಾಯಬೇಕು. ಅಲ್ಲಿಯವರೆಗೆ ತಂಡದಲ್ಲಿ ಒಬ್ಬನಾಗಿದ್ದ ವುಲ್ವರಿನ್ ಆ ಒಂದು ಪುಟದಿಂದ ಎಲ್ಲರ ಕಣ್ಮಣಿಯಾದ.

ಅದೇ ಕಥೆಯ ಮುಂದಿನ ಭಾಗದಲ್ಲಿ, ಮೊದಲ ಐವರಲ್ಲಿ ಒಬ್ಬಳಾದ ಜೀನ್ ಗ್ರೇ ತನ್ನ ಶಕ್ತಿ ಕೈಮೀರಿ ಡಾರ್ಕ್ ಫೀನಿಕ್ಸ್ ಆಗುತ್ತಾಳೆ. ಒಂದು ನಕ್ಷತ್ರವನ್ನೇ ನುಂಗುತ್ತಾಳೆ. ಆ ನಕ್ಷತ್ರದ ಗ್ರಹದಲ್ಲಿದ್ದ 500 ಕೋಟಿ ಜೀವಗಳು ಸಾಯುತ್ತವೆ. ಮೂಲ ಯೋಜನೆಯ ಪ್ರಕಾರ ಅವಳ ಶಕ್ತಿ ಕಿತ್ತುಕೊಂಡು ಅವಳನ್ನು ಬದುಕಲು ಬಿಡಬೇಕಿತ್ತು. ಮಾರ್ವೆಲ್‌ನ ಪ್ರಧಾನ ಸಂಪಾದಕ ಜಿಮ್ ಶೂಟರ್ ಒಪ್ಪಲಿಲ್ಲ. ಅಷ್ಟು ಜನರನ್ನು ಕೊಂದವಳಿಗೆ ಅಷ್ಟೇ ಶಿಕ್ಷೆಯಾ ಅನ್ನೋದು ಅವರ ಪ್ರಶ್ನೆ. ಕೊನೆಯ ಪುಟಗಳನ್ನು ಮತ್ತೆ ಬರೆದು ಬಿಡಿಸಿದರು. 137ನೇ ಸಂಚಿಕೆಯಲ್ಲಿ ಜೀನ್ ಚಂದ್ರನ ಮೇಲೆ ತಾನಾಗಿ ಪ್ರಾಣ ಬಿಡುತ್ತಾಳೆ. ಮೂಲ ಅಂತ್ಯವನ್ನು 1984ರಲ್ಲಿ ಪ್ರತ್ಯೇಕವಾಗಿ ಪ್ರಕಟಿಸಿದ್ದಾರೆ. ಎರಡನ್ನೂ ಪಕ್ಕದಲ್ಲಿಟ್ಟು ಓದಿ. ಸಂಪಾದಕರು ಕೈ ಹಾಕಿದರೆ ಕಥೆ ಕೆಡುತ್ತದೆ ಅನ್ನೋ ಮಾತು ಎಲ್ಲ ಸಲವೂ ನಿಜ ಅಲ್ಲ ಅಂತ ಗೊತ್ತಾಗುತ್ತದೆ.

ಆದರೆ ಈ ವರ್ಷಗಳ ಬೆಲೆ ದೊಡ್ಡ ಕಥೆಗಳಲ್ಲಿ ಮಾತ್ರ ಇಲ್ಲ. ಸ್ಟಾರ್ಮ್ ಮೆಲ್ಲಗೆ ತಂಡದ ನಾಯಕಿಯಾಗಿ ಬೆಳೆಯುತ್ತಾಳೆ. ಶಕ್ತಿ ಪೂರಾ ಕಳೆದುಕೊಂಡ ಮೇಲೂ 201ನೇ ಸಂಚಿಕೆಯಲ್ಲಿ ಹಳೆ ನಾಯಕ ಸೈಕ್ಲಾಪ್ಸ್‌ನನ್ನು ಸ್ಪರ್ಧೆಯಲ್ಲಿ ಸೋಲಿಸಿ ನಾಯಕತ್ವ ಉಳಿಸಿಕೊಳ್ಳುತ್ತಾಳೆ. ಆ ಗೆಲುವಿಗೆ ತೂಕ ಬಂದದ್ದು ಓದುಗರು ಅವಳನ್ನು ಹತ್ತು ವರ್ಷದಿಂದ ನೋಡಿಕೊಂಡು ಬಂದಿದ್ದರಿಂದ. ದೀರ್ಘ ರನ್ ಇದ್ದರೆ ಮಾತ್ರ ಇದು ಸಾಧ್ಯ.

ಕಷ್ಟವೂ ಇದೆ. ಕ್ಲೇರ್ಮಾಂಟ್ ಜಾಸ್ತಿ ಬರೆಯುತ್ತಾರೆ. ಚಿತ್ರದಲ್ಲಿ ಕಾಣುವುದನ್ನೇ ಪಕ್ಕದ ಚೌಕದಲ್ಲಿ ಮತ್ತೆ ಹೇಳುತ್ತಾರೆ. ಇವತ್ತಿನ ಕಾಮಿಕ್ಸ್‌ನ ವೇಗಕ್ಕೆ ಒಗ್ಗಿದವರು ಮೊದಲ ಹತ್ತು ಪುಟದಲ್ಲೇ ಸುಸ್ತಾಗಬಹುದು. ಅದಕ್ಕಾಗಿಯೇ ಕೆಲವರು 1983ರಲ್ಲಿ ಪಾಲ್ ಸ್ಮಿತ್ ಬಿಡಿಸಿದ ಕಡಿಮೆ ಗದ್ದಲದ ಸಂಚಿಕೆಗಳನ್ನು ಮೇಲಿಡುತ್ತಾರೆ.

## ಹಿಂದಿನದ್ದನ್ನು ಬದಲಿಸುವ ಕೆಲಸ

ಅಭಿಮಾನಿಗಳ ಬಾಯಲ್ಲಿ ಮತ್ತೆ ಮತ್ತೆ ಬರುವ ಒಂದು ಪದ ರೆಟ್‌ಕಾನ್. ಮೊದಲು ಹೇಳದ ಸಂಗತಿಯನ್ನು ಈಗ ಹೇಳಿ ಹಳೆ ಕಥೆಯ ಅರ್ಥವನ್ನೇ ಬದಲಿಸುವುದಕ್ಕೆ ಹೀಗನ್ನುತ್ತಾರೆ.

ಇದರ ದೊಡ್ಡ ಉದಾಹರಣೆ 1981ರ 150ನೇ ಸಂಚಿಕೆ. ಮ್ಯಾಗ್ನೀಟೊ ಹಿಂದಿನಂತೆಯೇ ಲೋಕಕ್ಕೆ ಬೆದರಿಕೆ ಹಾಕಿದ್ದಾನೆ. ಕಾದಾಟದಲ್ಲಿ ಕಿಟ್ಟಿ ಪ್ರೈಡ್ ಅನ್ನೋ ಹುಡುಗಿಗೆ ಅವನ ಪೆಟ್ಟು ಬೀಳುತ್ತದೆ. ಸತ್ತೇ ಹೋದಳು ಅಂತ ಅವನು ಹತ್ತಿರ ಹೋಗಿ ನೋಡುತ್ತಾನೆ. ಅವಳು ಇನ್ನೂ ಮಗು. ಅಲ್ಲಿ ಅವನು ಕುಸಿಯುತ್ತಾನೆ. ಆಶ್ವಿಟ್ಜ್‌ನ ನಾಜಿ ಶಿಬಿರದಲ್ಲಿ ತಾನು ಕಳೆದ ಬಾಲ್ಯವನ್ನು ಬಾಯಿಬಿಟ್ಟು ಹೇಳುತ್ತಾನೆ. ತನ್ನವರನ್ನು ಕೊಂದವರಂತೆ ತಾನೂ ಆಗಿಬಿಟ್ಟೆನೇ ಅನ್ನೋ ದಿಗಿಲು ಅವನಿಗೆ. 1963ರ ಅಬ್ಬರದ ಖಳನಿಗೆ ಈ ಹಿನ್ನೆಲೆ ಇರಲೇ ಇಲ್ಲ. ಒಂದು ಸಂಚಿಕೆಯಿಂದ ಅವನ ಹಳೆ ಸಿಟ್ಟಿಗೆಲ್ಲ ಕಾರಣ ಬಂತು. 1985ರ 200ನೇ ಸಂಚಿಕೆಯಲ್ಲಿ ಪ್ಯಾರಿಸ್‌ನಲ್ಲಿ ಅವನ ವಿಚಾರಣೆ ನಡೆಯುತ್ತದೆ. ಆಮೇಲೆ ಪ್ರೊಫೆಸರನ ಶಾಲೆಯನ್ನೇ ಅವನು ವಹಿಸಿಕೊಳ್ಳುತ್ತಾನೆ. 2000ದ ಮೊದಲ ಸಿನಿಮಾ ಶುರುವಾಗುವುದೂ ಆ ಶಿಬಿರದಿಂದಲೇ.

ಎಲ್ಲ ರೆಟ್‌ಕಾನ್‌ಗೂ ಇಂಥ ಸ್ವಾಗತ ಸಿಗುವುದಿಲ್ಲ. 1986ರಲ್ಲಿ ಮಾರ್ವೆಲ್ ಜೀನ್ ಗ್ರೇಯನ್ನು ವಾಪಸ್ ತಂದಿತು. ಸತ್ತವಳು ಅವಳ ರೂಪ ತಾಳಿದ್ದ ಒಂದು ಶಕ್ತಿ, ನಿಜವಾದ ಜೀನ್ ನೀರಿನಡಿಯ ಕೋಶದಲ್ಲಿ ಮಲಗಿದ್ದಳು ಅಂದರು. ಅವಳಿಗಾಗಿ ಅವಳ ಹಳೆ ಪ್ರಿಯಕರ ಸೈಕ್ಲಾಪ್ಸ್ ತನ್ನ ಹೆಂಡತಿಯನ್ನೂ ಹಸುಗೂಸನ್ನೂ ಬಿಟ್ಟು ಹೋದ. ಕ್ಲೇರ್ಮಾಂಟ್‌ಗೆ ಇದು ಇಷ್ಟವಿರಲಿಲ್ಲ. ಬಹಳ ಓದುಗರು ಇವತ್ತಿಗೂ ಸೈಕ್ಲಾಪ್ಸ್‌ನನ್ನು ಕ್ಷಮಿಸಿಲ್ಲ. 137ನೇ ಸಂಚಿಕೆಯ ಆ ಸಾವಿಗೆ ಮೊದಲಿದ್ದ ಭಾರವೂ ಹೋಯಿತು.

## 80 ಲಕ್ಷ ಪ್ರತಿಗಳ ಲೆಕ್ಕ

ಮಾರಾಟವೇ ಅಳತೆ ಅನ್ನುವವರು 1991ನ್ನು ತೋರಿಸುತ್ತಾರೆ. ಆ ವರ್ಷ ಎಕ್ಸ್-ಮೆನ್ ಹೆಸರಿನ ಎರಡನೇ ಪತ್ರಿಕೆ ಶುರುವಾಯಿತು. ಕ್ಲೇರ್ಮಾಂಟ್ ಜೊತೆ ಚಿತ್ರಕಾರ ಜಿಮ್ ಲೀ. ಅದರ ಮೊದಲ ಸಂಚಿಕೆ 80 ಲಕ್ಷಕ್ಕೂ ಹೆಚ್ಚು ಪ್ರತಿ ಹೋಯಿತು. ಒಂದೇ ಕಾಮಿಕ್ ಸಂಚಿಕೆಗೆ ಅದು ಗಿನ್ನೆಸ್ ದಾಖಲೆ.

ಈ ಸಂಖ್ಯೆಯನ್ನು ಸ್ವಲ್ಪ ಬಿಡಿಸಿ ನೋಡಬೇಕು. ಮೊದಲು ಕಾಮಿಕ್ಸ್ ಪೇಪರ್ ಅಂಗಡಿಗಳಲ್ಲಿ ಮಾರಾಟವಾಗುತ್ತಿದ್ದವು. ಉಳಿದ ಪ್ರತಿಗಳನ್ನು ವಾಪಸ್ ಕೊಡಬಹುದಿತ್ತು. 1970ರ ದಶಕದಿಂದ ಬೇರೆ ವ್ಯವಸ್ಥೆ ಬೆಳೆಯಿತು. ಕಾಮಿಕ್ಸ್‌ಗೇ ಮೀಸಲಾದ ಅಂಗಡಿಗಳು ರಿಯಾಯಿತಿ ದರದಲ್ಲಿ ಮುಂಚೆಯೇ ಆರ್ಡರ್ ಕೊಡುತ್ತಿದ್ದವು, ಆದರೆ ವಾಪಸ್ ಕೊಡುವ ಹಾಗಿಲ್ಲ. ಹೀಗಾಗಿ 80 ಲಕ್ಷ ಅಂದರೆ ಹೆಚ್ಚಾಗಿ ಅಂಗಡಿಯವರು ತರಿಸಿಕೊಂಡ ಪ್ರತಿಗಳು. ಎಲ್ಲವೂ ಓದುಗರ ಕೈ ಸೇರಲಿಲ್ಲ. ಮೇಲಾಗಿ ಅದೇ ಸಂಚಿಕೆಯನ್ನು ಐದು ಮುಖಪುಟಗಳಲ್ಲಿ ತಂದಿದ್ದರು. ನಾಲ್ಕನ್ನು ಪಕ್ಕ ಪಕ್ಕ ಇಟ್ಟರೆ ಒಂದು ದೊಡ್ಡ ಚಿತ್ರ. ಐದನೆಯದರಲ್ಲಿ ಆ ಚಿತ್ರ ಪೂರ್ತಿ, ಮಡಚಿದ ಹಾಳೆಯಲ್ಲಿ. ಒಬ್ಬೊಬ್ಬರೇ ಐದೂ ಕೊಂಡರು. ಮುಂದೆ ಬೆಲೆ ಏರುತ್ತದೆ ಅಂತ ಕಟ್ಟುಗಟ್ಟಲೆ ಎತ್ತಿಟ್ಟವರೂ ಇದ್ದರು. ಲಕ್ಷಗಟ್ಟಲೆ ಪ್ರತಿ ಇರುವ ವಸ್ತುವಿಗೆ ಬೆಲೆ ಹೇಗೆ ಏರುತ್ತದೆ? ಏರಲಿಲ್ಲ. ಕೆಲವೇ ವರ್ಷದಲ್ಲಿ ಆ ಕೊಳ್ಳುವ ಹುಚ್ಚು ಇಳಿಯಿತು, ಅಂಗಡಿಗಳು ಮುಚ್ಚಿದವು, 1996ರ ಡಿಸೆಂಬರಿನಲ್ಲಿ ಮಾರ್ವೆಲ್ಲೇ ದಿವಾಳಿ ಅರ್ಜಿ ಹಾಕಿತು.

ಅಷ್ಟು ಮಾರಾಟವಾದ ಆ ಪತ್ರಿಕೆಯನ್ನು ಕ್ಲೇರ್ಮಾಂಟ್ ಮೂರನೇ ಸಂಚಿಕೆಗೇ ಬಿಟ್ಟರು. ಕಥೆ ಯಾರ ಕೈಯಲ್ಲಿರಬೇಕು ಅನ್ನೋದೇ ಜಗಳವಾಗಿತ್ತು. ಮುಂದಿನ ವರ್ಷ ಜಿಮ್ ಲೀ ಕೂಡ ಹೊರಟು, ಇತರ ಚಿತ್ರಕಾರರ ಜೊತೆ ಇಮೇಜ್ ಕಾಮಿಕ್ಸ್ ಕಟ್ಟಿದರು. 1990ರ ದಶಕದ ಕಥೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಲವು ಪತ್ರಿಕೆಗಳನ್ನು ಕೊಂಡರೆ ಮಾತ್ರ ಪೂರ್ತಿಯಾಗುವ ಕ್ರಾಸ್‌ಓವರ್ ಕಥೆಗಳೇ ತುಂಬಿದ್ದವು. ಅವುಗಳಲ್ಲಿ 1995ರ ‘ಏಜ್ ಆಫ್ ಅಪೊಕ್ಯಾಲಿಪ್ಸ್’ ಈಗಲೂ ಓದುವಂತಿದೆ. ಆದರೂ ಈ ದಶಕವನ್ನು ಎದೆಗೆ ಅಪ್ಪಿಕೊಂಡವರು ಬಹಳ. 1992ರ ಕಾರ್ಟೂನ್ ನೋಡಿ ಬೆಳೆದವರಿಗೆ ಜಿಮ್ ಲೀ ಬಿಡಿಸಿದ ಬಟ್ಟೆಗಳೇ ಎಕ್ಸ್-ಮೆನ್. ಸಿನಿಮಾ, ಕಾರ್ಟೂನ್ ಮೂಲಕ ಬಂದ ನಮ್ಮ ಕಡೆಯ ಓದುಗರಿಗೂ ಈ ಮಾತು ಒಪ್ಪುತ್ತದೆ.

## ಶಾಲೆಯಿಂದ ದೇಶಕ್ಕೆ

2001ರಲ್ಲಿ ಗ್ರಾಂಟ್ ಮಾರಿಸನ್ ಬರೆಯಲು ಬಂದರು. ಫ್ರಾಂಕ್ ಕ್ವೈಟ್ಲಿ ಮೊದಲ ಚಿತ್ರಕಾರ. ಬಣ್ಣದ ಬಿಗಿ ಬಟ್ಟೆ ಹೋಗಿ ಚರ್ಮದ ಜಾಕೆಟ್ ಬಂತು. ಗುಟ್ಟಾಗಿದ್ದ ಶಾಲೆ ಬಯಲಿಗೆ ಬಂತು, ನೂರಾರು ಮಕ್ಕಳು ತುಂಬಿದರು. ಜೆನೋಶಾದಲ್ಲಿ 1.6 ಕೋಟಿ ಮ್ಯೂಟೆಂಟ್‌ಗಳು ಸತ್ತದ್ದು ಇಲ್ಲಿಯೇ. ಮ್ಯಾಗ್ನೀಟೊನನ್ನು ಮಾರಿಸನ್ ಕನಿಕರದಿಂದ ನೋಡಲಿಲ್ಲ. ಅವರ ಕಣ್ಣಿಗೆ ಅವನು ಹುಚ್ಚು ಹಿಡಿದ ಭಯೋತ್ಪಾದಕ. ಕೊನೆಯ ಭಾಗದಲ್ಲಿ ಅವನು ನ್ಯೂಯಾರ್ಕ್ ಹಿಡಿದು ಮನುಷ್ಯರನ್ನು ಸುಡುವ ಕುಲುಮೆಗೆ ತಳ್ಳುತ್ತಾನೆ. 150ನೇ ಸಂಚಿಕೆಯನ್ನು ಪ್ರೀತಿಸಿದವರಿಗೆ ಇದನ್ನು ಸಹಿಸಲಾಗಲಿಲ್ಲ. ಆಶ್ವಿಟ್ಜ್‌ನಿಂದ ಬದುಕಿ ಬಂದವನು ಹೀಗೆ ಮಾಡುತ್ತಾನಾ? ಮಾರಿಸನ್ 2004ರಲ್ಲಿ ಬಿಟ್ಟ ಕೂಡಲೇ ಮಾರ್ವೆಲ್ ಇನ್ನೊಂದು ರೆಟ್‌ಕಾನ್ ತಂದು, ಅವನು ಅಸಲಿ ಮ್ಯಾಗ್ನೀಟೊ ಅಲ್ಲ ಅಂದುಬಿಟ್ಟಿತು. ಒಂದು ಕಾಲ ಇನ್ನೊಂದನ್ನು ಅಳಿಸಿದ್ದಕ್ಕೆ ಇಷ್ಟು ನೇರ ಉದಾಹರಣೆ ಸಿಗುವುದು ಕಷ್ಟ.

2005ರಲ್ಲಿ, ವಾಸ್ತವವನ್ನೇ ಬದಲಿಸಬಲ್ಲ ಸ್ಕಾರ್ಲೆಟ್ ವಿಚ್ ಎಂಬವಳು ಆಡಿದ ಒಂದು ಮಾತಿಗೆ ಮ್ಯೂಟೆಂಟ್‌ಗಳ ಸಂಖ್ಯೆ ಇನ್ನೂರರ ಆಸುಪಾಸಿಗೆ ಇಳಿಯಿತು. ಮುಂದಿನ ಹಲವು ವರ್ಷ ಅಳಿವಿನಂಚಿನ ಕಥೆಗಳೇ.

2019ರಲ್ಲಿ ಜೊನಾಥನ್ ಹಿಕ್‌ಮನ್ ಇದನ್ನೆಲ್ಲ ತಿರುಗಿಸಿ ಹಾಕಿದರು. 1975ರ ಜೀವಂತ ದ್ವೀಪ ಕ್ರಕೋವಾ ಈಗ ಮ್ಯೂಟೆಂಟ್‌ಗಳ ಸ್ವತಂತ್ರ ದೇಶ. ಸತ್ತವರನ್ನು ಮತ್ತೆ ಬದುಕಿಸುವ ವಿಧಾನ ಅವರ ಕೈಯಲ್ಲಿದೆ. ಹಳೆ ಶತ್ರುಗಳಿಗೂ ಅಲ್ಲಿ ಜಾಗ. ಮೊದಲ ಸಂಚಿಕೆಯಲ್ಲೇ ಬಿಳಿ ಬಟ್ಟೆಯ ಮ್ಯಾಗ್ನೀಟೊ ಜೆರುಸಲೇಮ್‌ನಲ್ಲಿ ಮನುಷ್ಯರ ರಾಯಭಾರಿಗಳನ್ನು ಬರಮಾಡಿಕೊಳ್ಳುತ್ತಾನೆ, ಇನ್ನು ಮುಂದೆ ದೇವರುಗಳು ನಾವು ಅನ್ನೋ ಧಾಟಿಯಲ್ಲಿ ಮಾತಾಡುತ್ತಾನೆ. ಅವನ ಪಕ್ಷವೇ ಗೆದ್ದಿತಾ, ಪ್ರೊಫೆಸರನ ಕನಸು ಸೋತಿತಾ ಅಂತ ಓದುಗರು ಆವತ್ತೇ ಎರಡು ಪಾಲಾದರು. ಹಿಕ್‌ಮನ್ ತಮ್ಮ ಪೂರ್ತಿ ಯೋಜನೆ ಮುಗಿಸದೆ ಹೊರಟರು, ಉಳಿದವರು 2024ರವರೆಗೆ ನಡೆಸಿದರು. ನನ್ನ ಮಟ್ಟಿಗೆ ಕ್ಲೇರ್ಮಾಂಟ್ ನಂತರದ ಅತಿ ದಿಟ್ಟ ಆರಂಭ ಇದು. ಅಂತ್ಯ ಅಷ್ಟು ಗಟ್ಟಿಯಾಗಲಿಲ್ಲ.

## ಎರಡು ಕಡೆಯವರ ಪ್ರಶ್ನೆ ಒಂದೇ ಅಲ್ಲ

ಹಾಗಾಗಿ ಅತ್ಯುತ್ತಮ ಯಾವುದು ಅಂತ ಕೇಳಿದಾಗ ಉತ್ತರ ಕೊಡುವವರ ಕೈಯಲ್ಲಿ ಬೇರೆ ಬೇರೆ ಅಳತೆಗೋಲು ಇರುತ್ತದೆ. ಪಾತ್ರಗಳು ಬೆಳೆದದ್ದು ಎಲ್ಲಿ ಅಂದರೆ ಕ್ಲೇರ್ಮಾಂಟ್. ಹೊಸ ಯೋಚನೆ ಎಲ್ಲಿ ಅಂದರೆ ಮಾರಿಸನ್ ಅಥವಾ ಹಿಕ್‌ಮನ್. ಅದಕ್ಕೂ ಕೆಳಗೆ ಇನ್ನೊಂದು ಪ್ರಶ್ನೆ ಇದೆ: ಎಕ್ಸ್-ಮೆನ್ ಅಂದರೆ ಶಾಲೆಯಾ, ಕುಟುಂಬವಾ, ದೇಶವಾ? ಜಗಳಕ್ಕೆ ಕೂತವರನ್ನು ‘ಮ್ಯಾಗ್ನೀಟೊ ಕೆಟ್ಟವನಾ?’ ಅಂತ ಒಂದು ಮಾತು ಕೇಳಿ ನೋಡಿ. ಅವರ ಕಾಲ ಯಾವುದು ಅಂತ ಅಲ್ಲೇ ಗೊತ್ತಾಗುತ್ತದೆ.

ಒಂದನ್ನು ಮಾತ್ರ ಯಾವ ಕಡೆಯವರೂ ಅಲ್ಲಗಳೆಯಲಾರರು. ಮಾರಿಸನ್ ಒಡೆದದ್ದೂ ಹಿಕ್‌ಮನ್ ಕಟ್ಟಿದ್ದೂ ಕ್ಲೇರ್ಮಾಂಟ್ ಬಿಟ್ಟುಹೋದ ಸಾಮಾನಿನಿಂದ. ಹಿಕ್‌ಮನ್ ಕಥೆಯ ಗುಟ್ಟಿನ ಕೀಲಿ ಮೊಯ್ರಾ 1975ರಲ್ಲಿ ಮನೆ ನೋಡಿಕೊಳ್ಳುವ ಹೆಂಗಸಾಗಿ ಕಥೆಗೆ ಬಂದವಳು. ಆ ಅರ್ಥದಲ್ಲಿ 1975ರಿಂದ 1991ರ ಪಾಲು ದೊಡ್ಡದು ಅನ್ನೋದು ಬರೀ ಹಳಬರ ಮೋಹ ಅಲ್ಲ.

## ಓದಲು ಶುರು ಮಾಡುವುದಾದರೆ

ಬಿಡಿ ಸಂಚಿಕೆ ಹುಡುಕಬೇಕಿಲ್ಲ. ಎಲ್ಲವೂ ಸಂಕಲನವಾಗಿ ಸಿಗುತ್ತವೆ, ಮಾರ್ವೆಲ್‌ನದೇ ಆ್ಯಪ್‌ನಲ್ಲೂ ಇವೆ. 1963ರಿಂದ ಸಾಲಾಗಿ ಓದಲು ಹೋಗಬೇಡಿ, ದಾರಿಯಲ್ಲೇ ಬಿಟ್ಟುಬಿಡುತ್ತೀರಿ. ಮೊದಲು 1975ರ ಆ ವಿಶೇಷ ಸಂಚಿಕೆ. ಆಮೇಲೆ 129ರಿಂದ 137, ಡಾರ್ಕ್ ಫೀನಿಕ್ಸ್. ಅದಾದ ಮೇಲೆ 141 ಮತ್ತು 142, ಮ್ಯೂಟೆಂಟ್‌ಗಳನ್ನು ಬೇಟೆಯಾಡುವ ಭವಿಷ್ಯದ ಕಥೆ. ಎರಡೇ ಸಂಚಿಕೆ ಆದ್ದರಿಂದ ಒಂದು ಸಂಜೆ ಸಾಕು. ನಂತರ 150. ಜೆನೋಶಾದ ಮೂಲ ಬೇಕೆನ್ನುವವರು ಮಾರಿಸನ್ ಬರೆದ ‘ನ್ಯೂ ಎಕ್ಸ್-ಮೆನ್’ನ 114ರಿಂದ 116ನೇ ಸಂಚಿಕೆಗಳನ್ನು ನೇರವಾಗಿ ಎತ್ತಿಕೊಳ್ಳಬಹುದು. ಹಿಕ್‌ಮನ್ ಅವರ ‘ಹೌಸ್ ಆಫ್ ಎಕ್ಸ್’ ಮತ್ತು ‘ಪವರ್ಸ್ ಆಫ್ ಎಕ್ಸ್’ ಒಂದೇ ಕಥೆಯ ಎರಡು ಎಳೆ. ಸಂಕಲನದಲ್ಲಿ ಅವುಗಳ ಸಂಚಿಕೆಗಳನ್ನು ಹೆಣೆದೇ ಇಟ್ಟಿದ್ದಾರೆ, ಆ ಕ್ರಮದಲ್ಲೇ ಓದಿ.